ಡ್ಯಾಶ್‌ಬೋರ್ಡಿನ ಆ ಹಳದಿ ಲೈಟು ಸುಮ್ಮನೆ ಉರಿಯುದಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಬದಿಯಡ್ಕ ಹತ್ತಿರದವಳು. ನಾನು ಮದುವೆಯಾಗಿ ಈ ಮನೆಗೆ ಬರುವ ಮೊದಲೇ ನಿಮ್ಮ ಪೇಪರು ಇಲ್ಲಿಗೆ ಬರ್ತಿತ್ತು, ಆದ್ರೆ ನಾನು ಪತ್ರ ಅಂತ ಬರೆಯುದು ಇದೇ ಮೊದಲು. ಹೆದ್ದಾರಿಯ ಅಪಘಾತದ ಸುದ್ದಿಯಲ್ಲಿ ‘ಟಯರ್ ಸಿಡಿದು ನಿಯಂತ್ರಣ ತಪ್ಪಿದ ಕಾರು ಡಿವೈಡರಿಗೆ ಡಿಕ್ಕಿ’ ಅಂತ ಒಂದು ಸಾಲು ಆಗಾಗ ಬರ್ತದಲ್ಲ, ಮೊದಲೆಲ್ಲ ಅದನ್ನು ಓದಿ ಅಯ್ಯೋ ಪಾಪ ಅಂತ ಪುಟ ತಿರುಗಿಸ್ತಿದ್ದೆ, ಈಗ ಆ ಸಾಲು ಬಂದ್ರೆ ಅಲ್ಲೇ ನಿಂತುಬಿಡ್ತೇನೆ. ಟಯರ್ ಸಿಡಿಯುದು ಅಂದ್ರೆ ಆ ಕ್ಷಣಕ್ಕೆ ಆಗುವ ಗ್ರಹಚಾರ ಅಂತ ನಾವೆಲ್ಲ ಎಣಿಸಿಕೊಂಡಿದ್ದೇವೆ, ಆದ್ರೆ ಸುಮಾರು ಸಲ ಅದು ಎಷ್ಟೋ ದಿನ ಮೊದಲೇ ಒಳಗೊಳಗೆ ಶುರುವಾಗಿರ್ತದೆ, ಈಗಿನ ಸುಮಾರು ಹೊಸ ಕಾರುಗಳು ಅದನ್ನು ಹೇಳ್ತವೆ ಕೂಡ. ಆ ಹೇಳುದು ಏನು ಅಂತ ನಮ್ಮ ಊರಿನವರಿಗೆ ಯಾರೂ ಕನ್ನಡದಲ್ಲಿ ಹೇಳಿಕೊಟ್ಟಿಲ್ಲ, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಟಯರಿನಲ್ಲಿ ಗಾಳಿ ಕಮ್ಮಿಯಾದ್ರೆ ಸ್ಟಿಯರಿಂಗಿನ ಎದುರು ಡ್ಯಾಶ್‌ಬೋರ್ಡಿನಲ್ಲಿ ಹೊತ್ತುವ ಆ ಲೈಟ್ ಯಾವುದು ಅಂತ ಮೊದಲು ಹೇಳ್ತೇನೆ. ಹಳದಿ ಬಣ್ಣ, ಮೇಲೆ ಬಾಯಿ ತೆರೆದ ಉರುಳಿ ಪಾತ್ರೆಯ ಆಕಾರ, ಅಡಿಯಲ್ಲಿ ಸಣ್ಣ ಸಣ್ಣ ಹಲ್ಲು, ನಡುವಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ. ನಮ್ಮ ಅತ್ತೆಗೆ ತೋರಿಸಿದಾಗ ‘ಉರುಳಿಯೊಳಗೆ ಸೌಟು ನಿಲ್ಸಿದ ಹಾಗೆ ಉಂಟು’ ಅಂದ್ರು. ನಿಜಕ್ಕೂ ಅದು ಟಯರನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಚಿತ್ರ, ಅಡಿಯ ಹಲ್ಲು ಅಂದ್ರೆ ನೆಲಕ್ಕೆ ತಾಗುವ ಭಾಗದ ಗೀರುಗಳು. ಹೀಗೆ ಒಮ್ಮೆ ಹೇಳಿಕೊಟ್ರೆ ಮತ್ತೆ ಯಾರಿಗೂ ಮರೆಯುದಿಲ್ಲ. ಆದ್ರೆ ಹೇಳಿಕೊಡ್ಬೇಕಲ್ಲ. ನಾನು ಡ್ರೈವಿಂಗ್ ಕಲಿತದ್ದು ನಲವತ್ತೆರಡನೇ ವಯಸ್ಸಿಗೆ, ನಮ್ಮ ಕೇರಳದಲ್ಲಿ ಲೈಸನ್ಸ್ ಬೇಕಾದ್ರೆ ಎಚ್ ಹಾಕ್ಬೇಕು, ಅಂದ್ರೆ ಇಂಗ್ಲಿಷ್ ಎಚ್ ಅಕ್ಷರದ ಆಕಾರದಲ್ಲಿ ಕಾರು ಓಡಿಸಿ ತೋರಿಸ್ಬೇಕು, ಕಂಬಿಗೆ ತಾಗದ ಹಾಗೆ ಹಿಂದೆ ಮುಂದೆ ತೆಗೆಯುದನ್ನು ಒಂದು ತಿಂಗಳು ಅಭ್ಯಾಸ ಮಾಡಿಸಿದ್ರು, ನಾನು ಮೊದಲನೇ ಸಲಕ್ಕೇ ಪಾಸಾದೆ. ಡ್ಯಾಶ್‌ಬೋರ್ಡಿನಲ್ಲಿ ಹೊತ್ತುವ ಒಂದೇ ಒಂದು ಲೈಟಿನ ಬಗ್ಗೆ ಆ ಒಂದು ತಿಂಗಳಲ್ಲಿ ಮಾತು ಬರ್ಲಿಲ್ಲ. ಕಾರು ತಗೊಳ್ಳುವ ದಿನ ಶೋರೂಮಿನವರು ಹಾರ ಹಾಕಿ, ದೊಡ್ಡ ಕೀ ಹಿಡಿಸಿ ಫೋಟೋ ತೆಗ್ದು, ಮಲಯಾಳದಲ್ಲಿ ಹತ್ತು ನಿಮಿಷ ಎಸಿ, ಬ್ಲೂಟೂತ್, ಕ್ಯಾಮರಾ ಎಲ್ಲ ತೋರಿಸಿ ಕೈಗೆ ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ರು. ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥವರ ಮನೆಯಲ್ಲಿ ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬರುದಿಲ್ಲ.

ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ ನಡೆದದ್ದನ್ನು ಹೇಳ್ತೇನೆ. ನಮ್ಮ ಮಾವನಿಗೆ ಎಂಬತ್ತೊಂದು, ಕಣ್ಣಿನ ನರದ ಸಮಸ್ಯೆಗೆ ತಿಂಗಳಿಗೊಮ್ಮೆ ಇಂಜೆಕ್ಷನಿಗೆ ಮಂಗಳೂರಿಗೆ ಹೋಗ್ಬೇಕು. ಇಲ್ಲಿಯವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಮಂಗಳೂರೇ ಅಂತ ನಿಮಗೆ ಹೊಸದಾಗಿ ಹೇಳ್ಬೇಕಂತ ಇಲ್ಲ, ಕೊರೋನಾ ಸಮಯದಲ್ಲಿ ತಲಪಾಡಿಯಲ್ಲಿ ರಸ್ತೆ ಬಂದ್ ಮಾಡಿದಾಗ ನಾವು ಪಟ್ಟ ಪಾಡನ್ನು ನೀವೇ ಬರೆದಿದ್ರಿ. ಮನೆಯವರು ತೋಟದ ಕೆಲಸದಲ್ಲಿ ಇರ್ತಾರೆ, ಹಾಗಾಗಿ ಮಾವನನ್ನು ಕರ್ಕೊಂಡು ಹೋಗುದು ನಾನೇ. ಆ ಇಂಜೆಕ್ಷನ್ ದಿನಕ್ಕೆ ಒಂಬತ್ತು ದಿನ ಮೊದಲು, ಬೆಳಿಗ್ಗೆ ಮಗಳನ್ನು ಬಸ್ಸಿಗೆ ಬಿಡ್ಲಿಕ್ಕೆ ಕಾರು ಸ್ಟಾರ್ಟ್ ಮಾಡಿದಾಗ ಆ ಉರುಳಿ ಲೈಟ್ ಹೊತ್ತಿತು. ಪೇಟೆಗೆ ಮುಟ್ಟಿ ಸ್ವಲ್ಪ ಆಚೀಚೆ ಓಡಾಡುವಾಗ ನಂದಿತು. ಸರಿಯಾಯ್ತು ಅಂತ ಎಣಿಸಿದೆ. ಮರುದಿನವೂ ಹಾಗೇ, ಬೆಳಿಗ್ಗೆ ಹೊತ್ತುದು, ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ನಂದುದು. ಕಾರಿನ ಕೆಲಸ ಮಾಡುವ ಒಂದು ಕಡೆ ತೋರಿಸಿದೆ, ಅಲ್ಲಿಯ ಹುಡುಗ ಟಯರಿಗೆ ಕಾಲಲ್ಲಿ ಎರಡು ಒದ್ದು ‘ಗಾಳಿ ಉಂಟಲ್ಲ ಚೇಚಿ, ಇದು ಸೆನ್ಸರ್ ಕಂಪ್ಲೇಂಟ್, ಮಳೆಗೆ ಹೀಗೆ ಆಗ್ತದೆ, ಸುಮಾರು ಗಾಡಿಯಲ್ಲಿ ಉಂಟು, ಓಡಿಸಿ’ ಅಂದ. ಗಾಳಿ ಅಳೆಯುವ ಗೇಜ್ ಇಟ್ಟು ನೋಡ್ಲಿಲ್ಲ. ನಾನೂ ನೋಡು ಅಂತ ಹೇಳ್ಲಿಲ್ಲ, ಹೇಳ್ಬೇಕಂತ ನನಗೆ ಗೊತ್ತಿರ್ಲಿಲ್ಲ. ಐದನೇ ದಿನದಿಂದ ಲೈಟ್ ನಂದುದೇ ನಿಂತಿತು, ಇಡೀ ದಿನ ಉರೀತಾ ಇತ್ತು, ಸೆನ್ಸರ್ ಪೂರ್ತಿ ಹೋಯ್ತು ಅಂತ ನಾವು ಮಾತಾಡಿಕೊಂಡೆವು.

ಇಂಜೆಕ್ಷನ್ ದಿನ ಆರೂವರೆಗೆ ಹೊರಟೆವು, ಸೀತಾಂಗೋಳಿ ದಾಟಿ ಕುಂಬಳೆಯಲ್ಲಿ ಹೆದ್ದಾರಿಗೆ ಹತ್ತಿದೆವು. ಮಳೆ ಹೊಯ್ತಾ ಇತ್ತು. ಮೊದಲಿನ ಎರಡು ಲೇನಿನ ರಸ್ತೆ ಆಗಿದ್ರೆ ಅಷ್ಟು ಸ್ಪೀಡಿಗೆ ಹೋಗ್ಲಿಕ್ಕೇ ಆಗ್ತಿರ್ಲಿಲ್ಲ, ಈಗ ಆರು ಲೇನ್, ಹಿಂದಿನ ಗಾಡಿ ಹಾರ್ನ್ ಹಾಕ್ತಾ ಮೈಮೇಲೆ ಬರ್ತದೆ, ನಾನು ಎಂಬತ್ತರಲ್ಲಿ ಇದ್ದೆ. ಉಪ್ಪಳ ದಾಟಿ ಸ್ವಲ್ಪ ಮುಂದೆ ಹೋಗುವಾಗ ಸ್ಟಿಯರಿಂಗ್ ಎಡಕ್ಕೆ ಎಳೀತಾ ಇದೆ ಅನಿಸಿತು, ಗಾಳಿಯಿಂದ ಇರ್ಬೇಕು ಅಂತ ಗಟ್ಟಿ ಹಿಡಿದೆ, ಅಷ್ಟರಲ್ಲಿ ಎಡಬದಿಯ ಮುಂದಿನ ಚಕ್ರದಿಂದ ಧಪ್ ಧಪ್ ಅಂತ ಶಬ್ದ, ಮತ್ತೆ ಒಂದೇ ಸಲ ಕಾರು ಆ ಬದಿಗೆ ಕುಸಿದು ವಾಲಿತು. ದೇವರು ದೊಡ್ಡವನು, ಬ್ರೇಕನ್ನು ಜೋರಾಗಿ ಒತ್ತಬಾರದು ಅಂತ ಯಾರೋ ಯಾವಾಗಲೋ ಹೇಳಿದ್ದು ಆ ಹೊತ್ತಿಗೆ ನೆನಪಾಯ್ತು, ಸ್ಟಿಯರಿಂಗ್ ಎರಡು ಕೈಯಲ್ಲಿ ನೇರ ಹಿಡ್ಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಕಾರು ತಾನಾಗಿ ನಿಧಾನ ಆಗಿ ಬದಿಗೆ ಬಂತು. ಹಿಂದಿನಿಂದ ಬಂದ ಲಾರಿ ನಮ್ಮನ್ನು ಉಜ್ಜಿದ ಹಾಗೆ ಹೋಯ್ತು. ಮಾವ ಹಿಂದಿನ ಸೀಟಿನಲ್ಲಿ ಮುಂದಿನ ಸೀಟನ್ನು ಎರಡು ಕೈಯಲ್ಲಿ ಹಿಡ್ಕೊಂಡು ಕೂತಿದ್ರು, ಒಂದು ಮಾತಿಲ್ಲ. ಆ ಮುಖ ನನ್ನ ಕಣ್ಣೆದುರಿಂದ ಈಗಲೂ ಹೋಗುದಿಲ್ಲ.

ಫೋನ್ ಮಾಡಿ ಮಾಡಿ ಕಡೆಗೆ ಉಪ್ಪಳದ ಕಡೆಯಿಂದ ಒಬ್ಬರು ಪಂಚರಿನವರು ಸ್ಕೂಟರಿನಲ್ಲಿ ಬಂದ್ರು. ಸ್ಟೆಪ್ನಿ ತೆಗೆದು ಗೇಜ್ ಇಟ್ರೆ ಅದರಲ್ಲಿ ಹದಿನಾಲ್ಕು ಪಿಎಸ್‌ಐ (ಟಯರಿನ ಗಾಳಿಯ ಒತ್ತಡ ಅಳೆಯುವ ಲೆಕ್ಕ), ಕಾರು ತಗೊಂಡ ದಿನದಿಂದ ಅದನ್ನು ಯಾರೂ ಮುಟ್ಟಿರ್ಲಿಲ್ಲ. ಅವರು ತಂದಿದ್ದ ಪಂಪಿನಲ್ಲಿ ತುಂಬಿಸಿ, ಹಾಕಿ, ನಿಧಾನಕ್ಕೆ ಅವರ ಅಂಗಡಿಗೆ ಹೋದೆವು. ಅಲ್ಲಿ ಹೋದ ಟಯರನ್ನು ಬಿಚ್ಚಿ ನನ್ನನ್ನು ಕರೆದು ‘ಅಕ್ಕ, ಒಳಗೆ ಕೈ ಹಾಕಿ ನೋಡಿ’ ಅಂದ್ರು. ಕೈ ತುಂಬ ಕಪ್ಪು ಹುಡಿ, ಕಾಡಿಗೆ ಹಾಗೆ. ‘ಇದು ರಬ್ಬರ್, ಗಾಳಿ ಕಮ್ಮಿ ಇರುವಾಗ ಟಯರಿನ ಎರಡು ಬದಿ ಮಡಚಿ ಮಡಚಿ ಒಳಗಿಂದ ಅರೆದು ಹೋದದ್ದು, ಇದು ಇವತ್ತಿನ ಕೆಲಸ ಅಲ್ಲ, ಒಂದು ವಾರದಿಂದ ಆಗ್ತಾ ಉಂಟು’ ಅಂದ್ರು. ಬದಿಯಲ್ಲಿ ಒಂದು ಗೇಣು ಉದ್ದಕ್ಕೆ ಒಡೆದಿತ್ತು. ಮತ್ತೆ ಟಯರಿನ ಮೈಯಿಂದ ಒಂದು ಸ್ಕ್ರೂ ಕಿತ್ತು ನನ್ನ ಕೈಗೆ ಕೊಟ್ರು, ತಲೆ ಸವೆದಿತ್ತು, ಆದ್ರೂ ನೋಡಿದ ಕೂಡಲೇ ಗೊತ್ತಾಯ್ತು, ಮಳೆಗಾಲಕ್ಕೆ ಮೊದಲು ನಮ್ಮ ಅಂಗಳದ ಬದಿಗೆ ಅಡಿಕೆ ಒಣಗಿಸ್ಲಿಕ್ಕೆ ಶೀಟಿನ ಮಾಡು ಹಾಕಿಸಿದ್ದೆವು, ಅದೇ ಶೀಟಿಗೆ ಹೊಡೆಯುವ ಸ್ಕ್ರೂ. ಟ್ಯೂಬ್‌ಲೆಸ್ ಟಯರಲ್ಲವಾ, ಸ್ಕ್ರೂ ಒಳಗೇ ಕೂತಿದ್ರೆ ಗಾಳಿ ಬುಸ್ ಅಂತ ಹೋಗುದಿಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪ ಅಂತ ಸೋರ್ತದೆ. ಮೊದಲನೇ ದಿನ ಆ ಲೈಟ್ ಹೊತ್ತಿದಾಗಲೇ ನೋಡಿದ್ದಿದ್ರೆ ಒಂದು ಪಂಚರಿನ ದುಡ್ಡಿನಲ್ಲಿ ಮುಗೀತಿತ್ತು. ನಮಗೆ ಹೊಸ ಟಯರ್ ಬಿತ್ತು, ಆಸ್ಪತ್ರೆಗೆ ಮುಟ್ಟುವಾಗ ಡಾಕ್ಟ್ರು ಆಪರೇಷನಿಗೆ ಹೋಗಿ ಆಗಿತ್ತು, ಮಾವನ ಇಂಜೆಕ್ಷನ್ ಮೂರು ವಾರ ಮುಂದೆ ಹೋಯ್ತು. ದುಡ್ಡಿನದ್ದು ಬಿಡಿ, ಆ ಮೂರು ವಾರ ಮಾವ ಪೇಪರ್ ಓದ್ಲಿಕ್ಕೆ ಕಷ್ಟಪಡುದನ್ನು ನೋಡಿ ನನಗೆ ಊಟ ಸೇರ್ತಿರ್ಲಿಲ್ಲ.

ಅಂದಿನಿಂದ ನಾನು ಈ ವಿಷಯ ಬಿಡ್ಲಿಲ್ಲ. ಮಗಳನ್ನು ಕೂರಿಸಿ ಆ ಇಂಗ್ಲಿಷ್ ಪುಸ್ತಕದ ಟಯರಿನ ಅಧ್ಯಾಯ ಪೂರ್ತಿ ಓದಿಸಿ ಅರ್ಥ ಕೇಳಿದೆ, ಉಪ್ಪಳದ ಆ ಪಂಚರಿನವರ ಹತ್ತಿರ ಎರಡು ಸಲ ಹೋಗಿ ಕೂತು ಕೇಳಿದೆ. ಕಲಿತದ್ದನ್ನು ಬರೀತೇನೆ.

ಲೈಟ್ ಎರಡು ನಮೂನೆಯಲ್ಲಿ ಉರೀತದೆ, ಈ ವ್ಯತ್ಯಾಸವೇ ಎಲ್ಲಕ್ಕಿಂತ ಮುಖ್ಯ. ಕೀ ತಿರುಗಿಸಿದಾಗ ಎಲ್ಲ ಲೈಟಿನ ಹಾಗೆ ಇದೂ ಒಂದು ಎರಡು ಸೆಕೆಂಡ್ ಹೊತ್ತಿ ನಂದ್ತದೆ, ಅದು ಬಲ್ಬು ಸರಿ ಉಂಟು ಅಂತ ತೋರಿಸುದು, ಅದಕ್ಕೆ ಹೆದರ್ಬೇಕಂತ ಇಲ್ಲ. ಮತ್ತೆ ಹೊತ್ತಿ ಒಂದೇ ಸಮ ಉರೀತಾ ಇದ್ರೆ ಯಾವುದೋ ಒಂದು ಟಯರಿನಲ್ಲಿ, ಕೆಲವು ಸಲ ಎರಡು ಮೂರರಲ್ಲಿ, ಗಾಳಿ ಕಮ್ಮಿ ಉಂಟು ಅಂತ ಅರ್ಥ. ಆದ್ರೆ ಹೆಚ್ಚಿನ ಕಾರುಗಳಲ್ಲಿ ಮೊದಲು ಒಂದು ನಿಮಿಷ, ಒಂದೂವರೆ ನಿಮಿಷ ಮಿಣುಕ್ ಮಿಣುಕ್ ಮಾಡಿ ಆಮೇಲೆ ನಿಂತು ಉರಿದ್ರೆ ಅದು ಸೆನ್ಸರಿನದ್ದೋ ವಯರಿನದ್ದೋ ತೊಂದರೆ, ಅಂದ್ರೆ ಗಾಳಿ ನೋಡುವ ವ್ಯವಸ್ಥೆಯೇ ಕೆಟ್ಟಿದೆ. ನನ್ನ ಕಾರಿನದ್ದು ಒಂದು ದಿನವೂ ಮಿಣುಕ್ ಮಾಡಿರ್ಲಿಲ್ಲ. ‘ಮಿನುಗ್ತದಾ ಅಲ್ಲ ನಿಂತು ಉರೀತದಾ’ ಅಂತ ಆ ಹುಡುಗ ಒಂದು ಪ್ರಶ್ನೆ ಕೇಳಿದ್ದಿದ್ರೆ ಸಾಕಿತ್ತು, ಸೆನ್ಸರ್ ಕಂಪ್ಲೇಂಟ್ ಅಂತ ಹೇಳ್ಲಿಕ್ಕೆ ಅವನಿಗೆ ಬಾಯಿ ಬರ್ತಿರ್ಲಿಲ್ಲ. ಮತ್ತೆ ಸೆನ್ಸರ್ ನಿಜವಾಗಿ ಹಾಳಾಗಿದ್ರೂ ಓಡಿಸಬಹುದು ಅಂತ ಬಿಡುವ ಹಾಗಿಲ್ಲ, ಆಗ ಗಾಳಿ ಇಳಿದ್ರೆ ಹೇಳುವವರೇ ಇಲ್ಲ ಅಂತಾಯ್ತಲ್ಲ.

ಬೆಳಿಗ್ಗೆ ಹೊತ್ತಿ ಆಮೇಲೆ ನಂದುದು ಯಾಕೆ ಅಂತ ಕೇಳಿದ್ರೆ, ಗಾಳಿ ಬಿಸಿಯಾದ್ರೆ ಹಿಗ್ಗಲಿಕ್ಕೆ ನೋಡ್ತದೆ, ಟಯರಿನೊಳಗೆ ಜಾಗ ಇಲ್ಲ, ಹಾಗಾಗಿ ಪ್ರೆಶರ್ ಏರ್ತದೆ. ಸುಮಾರು ಐದಾರು ಡಿಗ್ರಿ ಸೆಲ್ಸಿಯಸ್ಸಿಗೆ ಒಂದು ಪಿಎಸ್‌ಐ ಆಚೀಚೆ ಆಗ್ತದೆ. ಓಡಿ ಬಿಸಿಯಾದ ಟಯರಿನಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುದು ಸಾಮಾನ್ಯ. ಹಾಗಾಗಿ ರಾತ್ರಿಯಿಡೀ ಮಳೆಗೆ ತಣ್ಣಗಾದ ಟಯರು ಬೆಳಿಗ್ಗೆ ಲೈಟ್ ಹೊತ್ತುವ ಗೆರೆಗಿಂತ ಕೆಳಗೆ ಇರ್ತದೆ, ಓಡಿದ ಮೇಲೆ ಗೆರೆ ದಾಟ್ತದೆ, ಲೈಟ್ ನಂದ್ತದೆ, ಸೋರುದು ಮಾತ್ರ ಹಾಗೇ ಉಂಟು. ಲೈಟ್ ತಾನಾಗಿ ನಂದಿದ್ರೆ ಸರಿಯಾಯ್ತು ಅಂತ ದಯವಿಟ್ಟು ಯಾರೂ ಎಣಿಸ್ಬೇಡಿ, ನಾವು ಸೋತದ್ದು ಅಲ್ಲೇ. ಇದೇ ಕಾರಣಕ್ಕೆ ಗಾಳಿ ನೋಡುದು ತಣ್ಣಗಿರುವಾಗಲೇ ಆಗ್ಬೇಕು, ಕಾರು ಕಮ್ಮಿಯೆಂದ್ರೆ ಮೂರು ಗಂಟೆ ನಿಂತಿರ್ಬೇಕು, ಅಥವಾ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಮಂಗಳೂರಿಂದ ವಾಪಸ್ ಬರುವಾಗ ಬಂಕಿನಲ್ಲಿ ಬಿಸಿ ಟಯರಿಗೆ ಗೇಜ್ ಇಟ್ಟು, ಹೆಚ್ಚಾಯ್ತು ಅಂತ ಗಾಳಿ ಬಿಡಿಸುವವರನ್ನು ನಾನೇ ನೋಡಿದ್ದೇನೆ, ಮರುದಿನ ಬೆಳಿಗ್ಗೆಗೆ ಅದು ಕಮ್ಮಿಯಾಗಿಯೇ ಆಗ್ತದೆ.

ಎಷ್ಟು ಗಾಳಿ ಅಂತ ಗೊತ್ತಾಗ್ಲಿಕ್ಕೆ ಡ್ರೈವರ್ ಬಾಗಿಲು ತೆಗೆದ್ರೆ ಆ ಬಾಗಿಲು ಬಂದು ಕೂರುವ ಕಾರಿನ ಕಂಬದ ಮೇಲೆ ಒಂದು ಚೀಟಿ ಅಂಟಿಸಿರ್ತಾರೆ, ಕೆಲವು ಕಾರಿನಲ್ಲಿ ಪೆಟ್ರೋಲ್ ಹಾಕುವ ಮುಚ್ಚಳದ ಒಳಗೆ. ನಮ್ಮದರಲ್ಲಿ 33 ಪಿಎಸ್‌ಐ ಅಂತ ಉಂಟು, ಅದೇ ಒತ್ತಡ ಬಾರ್ ಅನ್ನುವ ಅಳತೆಯಲ್ಲಾದ್ರೆ ಹತ್ತಿರ ಹತ್ತಿರ 2.3, ಕಿಲೋಪಾಸ್ಕಲ್ ಅನ್ನುವ ಅಳತೆಯಲ್ಲಾದ್ರೆ 230 ಹತ್ತಿರ. ಪರದೆಯಲ್ಲಿ 230 ಅಂತ ಕಂಡು ಟಯರ್ ಒಡೀತದೆ ಅಂತ ಹೆದರಿ ನಮ್ಮ ನಾದಿನಿ ಒಮ್ಮೆ ಪೆರ್ಲದಿಂದ ಫೋನ್ ಮಾಡಿದ್ರು, ಅದು ಲೆಕ್ಕದ ನಮೂನೆ ಬೇರೆ ಅಷ್ಟೆ. ಚೀಟಿಯಲ್ಲಿ ಎರಡು ಕಾಲಂ ಇದ್ರೆ ಒಂದು ಎರಡು ಮೂರು ಜನ ಹೋಗುವಾಗಿನದ್ದು, ಇನ್ನೊಂದು ಕಾರು ತುಂಬ ಇರುವಾಗಿನದ್ದು, ಹೆಚ್ಚಾಗಿ ಅದರಲ್ಲಿ ಹಿಂದಿನ ಟಯರಿಗೆ ಜಾಸ್ತಿ ಹೇಳಿರ್ತದೆ. ಅಡಿಕೆ ಕೊಳ್ಳುವ ಕ್ಯಾಂಪ್ಕೋಗೆ ಅಂತ ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಹಾಕುವವರು, ಕೋಲಕ್ಕೆ ಮದುವೆಗೆ ಅಂತ ನೆಂಟರನ್ನೆಲ್ಲ ತುಂಬಿಸಿಕೊಂಡು ಹೋಗುವವರು ಆ ಎರಡನೇ ಕಾಲಂ ನೋಡ್ಬೇಕು. ಟಯರಿನ ಬದಿಯಲ್ಲಿ ಮ್ಯಾಕ್ಸ್ ಪ್ರೆಶರ್ ಅಂತ ಅಚ್ಚಾಗಿರುವ ನಂಬರ್ ಉಂಟಲ್ಲ, ಅದು ಆ ಟಯರ್ ತಡೆಯುವ ಅತಿ ಹೆಚ್ಚಿನ ಒತ್ತಡ, ಅಷ್ಟು ಹಾಕಿಸ್ಲಿಕ್ಕೆ ಅಲ್ಲ. ಬಂಕಿನಲ್ಲಿ ಹೆಚ್ಚಿನವರು ಕೇಳುದೇ ಇಲ್ಲ, ನಾಲ್ಕಕ್ಕೂ ಮೂವತ್ತೈದು ಅಂತ ಹಾಕಿ ಕಳಿಸ್ತಾರೆ, ನಾವೇ ನಮ್ಮ ನಂಬರ್ ಹೇಳ್ಬೇಕು, ಹೇಳ್ಲಿಕ್ಕೆ ನಾಚಿಕೆ ಪಡಬಾರದು, ಹೆಂಗಸರಂತೂ.

ಕಣ್ಣಲ್ಲಿ ನೋಡಿ, ಕಾಲಲ್ಲಿ ಒದ್ದು ಹೇಳುದು ಈಗಿನ ಟಯರಿಗೆ ನಡೆಯುದಿಲ್ಲ. ರೇಡಿಯಲ್ ಟಯರಿನ ಬದಿ ಮೊದಲೇ ಸ್ವಲ್ಪ ಉಬ್ಬಿ ಕೂತಿರ್ತದೆ, 33 ಇರುವುದೂ 25 ಇರುವುದೂ ಒಂದೇ ನಮೂನೆ ಕಾಣ್ತದೆ. ಮತ್ತೆ ಲೈಟ್ ಬಂದಾಗ ಇನ್ನೂ ಸಮಯ ಉಂಟು ಅಂತ ಎಣಿಸುದೂ ತಪ್ಪು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟಯರ್ ಕಿತ್ತು ಹೋಗಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ 2000ನೇ ಇಸವಿಯಲ್ಲಿ ಅಲ್ಲಿ ಒಂದು ಕಾನೂನು ಬಂತು, ಅದರ ಪ್ರಕಾರ 2007ರ ಸೆಪ್ಟೆಂಬರಿನಿಂದ ಅಲ್ಲಿಯ ಎಲ್ಲ ಹೊಸ ಕಾರುಗಳಿಗೂ ಈ ಲೈಟ್ ಕಡ್ಡಾಯ ಆಯ್ತು. ಅಲ್ಲಿಯ ನಿಯಮ ಏನೆಂದ್ರೆ ಹೇಳಿದ ಪ್ರೆಶರಿಗಿಂತ ನೂರಕ್ಕೆ ಇಪ್ಪತ್ತೈದು ಕಮ್ಮಿಯಾಗುವಷ್ಟರಲ್ಲಿ ಲೈಟ್ ಹೊತ್ತಲೇಬೇಕು. ನಮ್ಮ 33ಕ್ಕೆ ಲೆಕ್ಕ ಹಾಕಿ, 25ರ ಹತ್ತಿರ ಬಂತು. ಅಷ್ಟು ಇಳಿದ ಟಯರಿನಲ್ಲಿ ಹೆದ್ದಾರಿಗೆ ಹತ್ತಿದ್ರೆ ಬದಿ ಮಡಚಿ ಮಡಚಿ ಬಿಸಿ ಏರ್ತದೆ, ಸ್ಪೀಡ್ ಜಾಸ್ತಿಯಾದಷ್ಟು ಬಿಸಿ ಜಾಸ್ತಿ, ನಾನು ಕೈ ಹಾಕಿ ನೋಡಿದ ಕಪ್ಪು ಹುಡಿ ಅದರದ್ದೇ. ಮಳೆಯಲ್ಲಿ ಇನ್ನೊಂದು ಅಪಾಯ ಉಂಟು, ಗಾಳಿ ಕಮ್ಮಿ ಇದ್ರೆ ಟಯರಿನ ನಡುಭಾಗ ನೆಲಕ್ಕೆ ಸರಿಯಾಗಿ ಒತ್ತುದಿಲ್ಲ, ರಸ್ತೆಯ ನೀರನ್ನು ಗೀರುಗಳ ಮೂಲಕ ಹೊರಗೆ ತಳ್ಳಲಿಕ್ಕೆ ಆಗದೆ ಕಾರು ನೀರಿನ ಮೇಲೆ ತೇಲಿದ ಹಾಗೆ ಜಾರ್ತದೆ. ಗೀರು ಸವೆದು 1.6 ಮಿಲಿಮೀಟರಿಗಿಂತ ಕಮ್ಮಿಯಾದ ಟಯರ್ ಓಡಿಸುದು ಕಾನೂನಿಗೂ ವಿರುದ್ಧ. ನಮ್ಮ ಜಿಲ್ಲೆಯ ಮಳೆ ಹೇಗಂತ ನಿಮಗೆ ಗೊತ್ತು, ಹೊಸ ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ನೀರು ನಿಲ್ಲುವ ಫೋಟೋ ನೀವೇ ಎಷ್ಟು ಸಲ ಹಾಕಿಲ್ಲ.

ಎಲ್ಲ ಕಾರಿನಲ್ಲಿ ಒಂದೇ ವ್ಯವಸ್ಥೆ ಇಲ್ಲ, ಇದನ್ನೂ ತಿಳ್ಕೊಳ್ಬೇಕು. ಕೆಲವು ಕಾರಿನಲ್ಲಿ ನಾಲ್ಕು ಚಕ್ರದೊಳಗೂ ಗಾಳಿ ಹಾಕುವ ವಾಲ್ವಿಗೆ ತಾಗಿ ಒಂದು ಸಣ್ಣ ಸೆನ್ಸರ್ ಇರ್ತದೆ, ಅದು ಪ್ರೆಶರ್ ಅಳೆದು ರೇಡಿಯೋದ ಹಾಗೆ ಕಾರಿಗೆ ಕಳಿಸ್ತದೆ, ಯಾವ ಟಯರಿನಲ್ಲಿ ಎಷ್ಟು ಅಂತ ಪರದೆಯಲ್ಲಿ ನಂಬರ್ ಕಾಣ್ತದೆ. ಅದರೊಳಗಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬರ್ತದೆ, ಮುಗಿದ್ರೆ ಬ್ಯಾಟರಿ ಮಾತ್ರ ಹಾಕ್ಲಿಕ್ಕೆ ಆಗುದಿಲ್ಲ, ಸೆನ್ಸರೇ ಹೊಸದು ಬೇಕು. ಪಂಚರಿಗೆ ಕೊಡುವಾಗ ‘ಒಳಗೆ ಸೆನ್ಸರ್ ಉಂಟು ಅಣ್ಣ, ವಾಲ್ವಿನ ಹತ್ತಿರ ಲಿವರ್ ಹಾಕ್ಬೇಡಿ’ ಅಂತ ಮೊದಲೇ ಹೇಳ್ಬೇಕು, ಇಲ್ಲದಿದ್ರೆ ಮುರಿದು ಹೋಗುವ ಸಂಭವ ಉಂಟು. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯವರಿಗೆ ಆ ಪಂಚರಿನವರು ಹೇಳಿದ ಇನ್ನೊಂದು ಮಾತು, ಇಂಥ ಸೆನ್ಸರಿನ ವಾಲ್ವು ಸುಮಾರು ಅಲ್ಯೂಮಿನಿಯಮಿನದ್ದು, ಅದಕ್ಕೆ ಚಂದಕ್ಕೆ ಅಂತ ಲೋಹದ ಕ್ಯಾಪ್ ಹಾಕಿದ್ರೆ ಉಪ್ಪುಗಾಳಿಗೆ ಎರಡೂ ಕಚ್ಚಿ ಹಿಡಿದು ತೆಗೆಯುವಾಗ ವಾಲ್ವೇ ಮುರೀತದೆ, ಪ್ಲಾಸ್ಟಿಕಿನ ಕ್ಯಾಪೇ ಒಳ್ಳೇದು.

ಇನ್ನು ಕೆಲವು ಕಾರಿನಲ್ಲಿ ಚಕ್ರದೊಳಗೆ ಏನೂ ಇಲ್ಲ. ಜೋರು ಬ್ರೇಕ್ ಹಾಕುವಾಗ ಚಕ್ರ ಕಚ್ಚಿ ನಿಂತು ಜಾರದ ಹಾಗೆ ನೋಡುವ ಎಬಿಎಸ್‌ಗೆ ಅಂತ ಚಕ್ರ ಎಷ್ಟು ಬೇಗ ತಿರುಗ್ತದೆ ಅಂತ ಎಣಿಸುವ ಸೆನ್ಸರ್ ಹೇಗೂ ಇರ್ತದೆ, ಅದರಿಂದಲೇ ಲೆಕ್ಕ ಮಾಡುದು. ಗಾಳಿ ಕಮ್ಮಿಯಾದ ಚಕ್ರ ಸ್ವಲ್ಪ ಚಿಕ್ಕದಾದ ಹಾಗೆ ಆಗ್ತದೆ, ಅಷ್ಟೇ ದೂರಕ್ಕೆ ಬೇರೆ ಮೂರಕ್ಕಿಂತ ಹೆಚ್ಚು ಸುತ್ತು ತಿರುಗ್ತದೆ, ಆ ವ್ಯತ್ಯಾಸ ಹಿಡಿದು ಲೈಟ್ ಹೊತ್ತಿಸ್ತದೆ. ಇಂಥದ್ದರಲ್ಲಿ ಪರದೆಯಲ್ಲಿ ನಂಬರ್ ಬರುದಿಲ್ಲ. ನಾಲ್ಕೂ ಟಯರಿನಲ್ಲಿ ಒಟ್ಟಿಗೆ ನಿಧಾನಕ್ಕೆ ಗಾಳಿ ಇಳಿದ್ರೆ ಇದಕ್ಕೆ ಗೊತ್ತಾಗುದು ಕಷ್ಟ, ಮತ್ತೆ ಟಯರಿನಲ್ಲಿ ಏನೂ ತೂತು ಇಲ್ಲದಿದ್ರೂ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಪಿಎಸ್‌ಐ ಇಳಿಯುದು ಸಹಜ, ಹಾಗಾಗಿ ಲೈಟ್ ಇಲ್ಲ ಅಂತ ಆರು ತಿಂಗಳು ಸುಮ್ಮನಿರುವ ಹಾಗಿಲ್ಲ. ಇದರಲ್ಲಿ ರಿಸೆಟ್ ಅಂತ ಒಂದು ಬಟನ್ ಅಥವಾ ಮೆನು ಇರ್ತದೆ, ಗಾಳಿ ಸರಿಯಾಗಿ ಹಾಕಿಸಿದ ಮೇಲೆ ಅದನ್ನು ಒತ್ತಿದ್ರೆ ಇದೇ ಸರಿಯಾದ ಪ್ರೆಶರ್ ಅಂತ ಕಾರು ಕಲೀತದೆ. ಸಂಪಾದಕರೇ, ಈ ರಿಸೆಟ್ ವಿಷಯ ದಪ್ಪ ಅಕ್ಷರದಲ್ಲಿ ಹಾಕಿದ್ರೂ ಅಡ್ಡಿ ಇಲ್ಲ. ನಮ್ಮ ನೆಂಟರ ಪೈಕಿ ಒಬ್ಬ ಹುಡುಗ ಲೈಟ್ ಬಂದಾಗೆಲ್ಲ ಗಾಳಿ ನೋಡದೆ ರಿಸೆಟ್ ಒತ್ತಿ ಲೈಟ್ ತೆಗೀತಿದ್ದ, ಮನೆಯಲ್ಲಿ ಎಲ್ಲರೂ ಅವನನ್ನು ಹುಷಾರಿ ಅಂತಿದ್ರು. ಅವನು ಮಾಡ್ತಿದ್ದದ್ದು ಗಾಳಿ ಇಲ್ಲದ ಟಯರನ್ನೇ ಸರಿಯಾದದ್ದು ಅಂತ ಕಾರಿಗೆ ಪಾಠ ಮಾಡುದು. ನಾನು ಹೇಳಿ ನಿಲ್ಸಿದೆ.

ಇದು ಈಗ ಮೊದಲಿಗಿಂತ ದೊಡ್ಡ ವಿಷಯ ಯಾಕೆಂದ್ರೆ, 2020ರ ಜುಲೈಯಲ್ಲಿ ಕೇಂದ್ರ ಸರಕಾರ ನಿಯಮ ಬದಲಾಯಿಸಿ, ಮೂರೂವರೆ ಟನ್ ಒಳಗಿನ ಗಾಡಿಯಲ್ಲಿ ಟಯರ್ ಪ್ರೆಶರ್ ನೋಡುವ ಈ ವ್ಯವಸ್ಥೆ ಮತ್ತು ಪಂಚರ್ ರಿಪೇರಿ ಕಿಟ್ ಇದ್ರೆ ಸ್ಟೆಪ್ನಿ ಬೇಕಂತ ಇಲ್ಲ ಅಂತ ಹೇಳಿದೆ. ಅಂದ್ರೆ ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲದ ಕಾರು ನಮ್ಮ ಊರಿಗೂ ಬರ್ತಾ ಉಂಟು. ಕಿಟ್ಟಿನಿಂದ ಸಣ್ಣ ತೂತು ಮುಚ್ಚಬಹುದು, ನನ್ನದರ ಹಾಗೆ ಬದಿ ಒಡೆದ್ರೆ ಕಿಟ್ಟಿನಿಂದ ಏನೂ ಆಗುದಿಲ್ಲ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿ ಮುಳ್ಳೇರಿಯ, ಆದೂರು ದಾಟಿದ ಮೇಲೆ ರಾತ್ರಿ ಒಂಬತ್ತಕ್ಕೆ, ಇಲ್ಲವೇ ಬಂದಡ್ಕದ ಗುಡ್ಡೆ ದಾರಿಯಲ್ಲಿ ಹೀಗಾದ್ರೆ ಯಾವ ಪಂಚರಿನ ಅಂಗಡಿ ತೆರೆದಿರ್ತದೆ ಹೇಳಿ, ಫೋನಿಗೆ ರೇಂಜ್ ಕೂಡ ಕೆಲವು ಕಡೆ ಇಲ್ಲ. ಅಂಥ ಕಾರಿನವರಿಗೆ ಈ ಲೈಟೇ ಸ್ಟೆಪ್ನಿ.

ಲೈಟ್ ಬಂದ್ರೆ ಎಂತ ಮಾಡುದು ಅಂತ ನನ್ನ ಹತ್ತಿರ ಈಗ ಸುಮಾರು ಜನ ಕೇಳ್ತಾರೆ, ನಾನು ಹೇಳುದು ಇಷ್ಟೆ. ಗಾಬರಿ ಬೇಡ, ಸ್ಪೀಡ್ ಇಳಿಸಿ, ಜೋರು ಬ್ರೇಕ್ ಜೋರು ತಿರುವು ಬೇಡ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ನಾಲ್ಕು ಚಕ್ರ ಸುತ್ತಿ ನೋಡಿ. ಪೂರ್ತಿ ಇಳಿದಿದ್ರೆ ಒಂದು ಗಜವೂ ಓಡಿಸ್ಬೇಡಿ. ಇಳಿದ ಹಾಗೆ ಕಾಣದಿದ್ರೆ ನಿಧಾನಕ್ಕೆ ಹತ್ತಿರದ ಬಂಕಿಗೆ ಹೋಗಿ ಗೇಜ್ ಇಟ್ಟು ನೋಡಿಸಿ, ಚೀಟಿಯಲ್ಲಿ ಇದ್ದಷ್ಟು ಹಾಕಿಸಿ, ಮರುದಿನ ಬೆಳಿಗ್ಗೆ ಪುನಃ ನೋಡಿ. ಅದೇ ಟಯರು ಪುನಃ ಇಳಿದಿದ್ರೆ ಪಂಚರ್ ಖಂಡಿತ, ನೀರಲ್ಲಿ ಅದ್ದಿ ನೋಡಿಸಿ. ನಾನು ಕೆಲವು ನೂರು ರೂಪಾಯಿ ಕೊಟ್ಟು ಒಂದು ಗೇಜ್ ತಗೊಂಡೆ, ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಅಂಗಳದಲ್ಲೇ ನೋಡ್ತೇನೆ, ಸ್ಟೆಪ್ನಿಯದ್ದೂ ಸೇರಿಸಿ ಐದು ನಿಮಿಷದ ಕೆಲಸ. ನೈಟ್ರೋಜನ್ ಹಾಕಿದ್ರೆ ನೋಡ್ಲೇಬೇಕಂತ ಇಲ್ಲ ಅಂತ ಕೆಲವರು ಹೇಳ್ತಾರೆ, ನಮ್ಮ ಉಸಿರಿನ ಗಾಳಿಯಲ್ಲೇ ನೂರಕ್ಕೆ ಎಪ್ಪತ್ತೆಂಟು ಭಾಗ ನೈಟ್ರೋಜನ್ ಉಂಟು, ಅದನ್ನು ಹಾಕಿಸಿದ್ರೂ ಸ್ಕ್ರೂ ಚುಚ್ಚಿದ ತೂತಿನಿಂದ ಅದೂ ಸೋರ್ತದೆ.

ಇನ್ನು ನನ್ನ ಬೇಡಿಕೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತವಾಗಿ ಕೊಡ್ಲೇಬೇಕು ಅಂತ ನಿಯಮ ಉಂಟು. ಆದ್ರೆ ನಾನು ಹೋಗುವ ದಾರಿಯಲ್ಲೇ ಒಂದೆರಡು ಕಡೆ ಯಾವಾಗ ಕೇಳಿದ್ರೂ ಮಿಷನ್ ಕೆಟ್ಟಿದೆ ಅಂತಾರೆ, ಇನ್ನೊಂದು ಕಡೆ ಗೇಜಿನ ಮುಳ್ಳು ಗಾಳಿ ಇಲ್ಲದಿದ್ರೂ ಹತ್ತರಲ್ಲೇ ನಿಂತಿರ್ತದೆ. ಆ ತಪ್ಪು ಗೇಜಿನಿಂದ ಹಾಕಿಸಿಕೊಂಡು ಸರಿ ಉಂಟು ಅಂತ ಹೆದ್ದಾರಿಗೆ ಹೋಗುವವರನ್ನು ಎಣಿಸಿದ್ರೆ ಹೆದರಿಕೆ ಆಗ್ತದೆ. ಇದನ್ನು ನೋಡುವ ಅಧಿಕಾರಿಗಳು ಆಗಾಗ ಒಂದು ಸರಿಯಾದ ಗೇಜ್ ಹಿಡ್ಕೊಂಡು ತಲಪಾಡಿಯಿಂದ ಕಾಸರಗೋಡಿನವರೆಗೆ ಬಂಕ್ ಬಂಕ್ ಹೋಗಿ ಹೋಲಿಸಿ ನೋಡ್ಲಿ. ಡ್ರೈವಿಂಗ್ ಶಾಲೆಯವರು ಎಚ್ ಕಲಿಸುವ ಒಂದು ತಿಂಗಳಲ್ಲಿ ಅರ್ಧ ಗಂಟೆ ಡ್ಯಾಶ್‌ಬೋರ್ಡಿಗೆ ಕೊಡ್ಲಿ, ಕನ್ನಡದವರು ಬಂದ್ರೆ ಕನ್ನಡದಲ್ಲೇ ಹೇಳ್ಲಿ, ನಮ್ಮ ಊರಿನ ಶಾಲೆಗಳಲ್ಲಿ ಹೆಚ್ಚಿನವರಿಗೆ ಕನ್ನಡ, ತುಳು, ಮಲಯಾಳ ಮೂರೂ ಬರ್ತದೆ, ಹೇಳುವ ಮನಸ್ಸು ಬೇಕು ಅಷ್ಟೆ. ಶೋರೂಮಿನವರಿಗೂ ಅದೇ ಮಾತು, ಹಾರದ ಫೋಟೋಕ್ಕೆ ಮೊದಲು ಬಾಗಿಲು ತೆರೆದು ಆ ಚೀಟಿ ತೋರಿಸಿ.

ಮತ್ತೆ ನಿಮ್ಮ ಹತ್ತಿರ ಒಂದು. ಪೇಪರಿನಲ್ಲಿ ಅರ್ಧ ಪುಟ ಕೊಟ್ಟು ಡ್ಯಾಶ್‌ಬೋರ್ಡಿನ ಲೈಟುಗಳ ಚಿತ್ರ ಹಾಕಿ, ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ಎರಡೆರಡು ಸಾಲು ಬರೆಸಿ. ಕೆಂಪು ಬಂದ್ರೆ ಕೂಡಲೇ ನಿಲ್ಲಿಸ್ಬೇಕು, ಹಳದಿ ಬಂದ್ರೆ ಬೇಗ ನೋಡಿಸ್ಬೇಕು ಅಂತ ಅಷ್ಟು ತಿಳಿದ್ರೂ ನಮ್ಮ ಜನಕ್ಕೆ ಉಪಕಾರ ಆಗ್ತದೆ. ಜನ ಅದನ್ನು ಕತ್ತರಿಸಿ ಕಾರಿನ ಪೆಟ್ಟಿಗೆಯಲ್ಲಿ ಇಟ್ಕೊಳ್ತಾರೆ, ನಾನಂತೂ ನಾದಿನಿಯ ಕಾರಿಗೂ ಒಂದು ಇಡ್ತೇನೆ. ಟಯರಿನ ಲೈಟಿನ ಭಾಗಕ್ಕೆ ಬರೆಯುವವರು ಸಿಗದಿದ್ರೆ ಉಪ್ಪಳದ ಆ ಪಂಚರಿನವರನ್ನು ಮಾತಾಡಿಸಿ, ಅವರಷ್ಟು ಚೆಂದಕ್ಕೆ ಬಿಡಿಸಿ ಹೇಳುವವರನ್ನು ನಾನು ನೋಡಿಲ್ಲ. ಒಡೆದ ಆ ಟಯರನ್ನು ನಾನು ಬಿಸಾಡ್ಲಿಲ್ಲ, ಕೊಟ್ಟಿಗೆಯ ಬದಿಯಲ್ಲಿ ಉಂಟು, ಒಳಗಿನ ಕಪ್ಪು ಹುಡಿ ಇನ್ನೂ ಹಾಗೇ ಉಂಟು, ಫೋಟೋ ಬೇಕಾದ್ರೆ ತೆಗೆದು ಕಳಿಸ್ತೇನೆ. ಸ್ಕ್ರೂ ಕೂಡ ಇಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗಳು,
ಬದಿಯಡ್ಕ, ಕಾಸರಗೋಡು ಜಿಲ್ಲೆ